ಉಳಿದಿರುವ ಎರಡು ಹಲ್ಲು: ಕೀಳಿಸುವುದಾ, ಲೋಹದ ಟೋಪಿ ಹಾಕಿಸುವುದಾ, ಇಂಪ್ಲಾಂಟ್‌ಗೆ ಹೋಗುವುದಾ?

ನಮ್ಮ ಅತ್ತೆಗೆ ಕೆಳಗಿನ ದವಡೆಯಲ್ಲಿ ಎರಡೇ ಎರಡು ಹಲ್ಲು ಉಳಿದಿದ್ದವು. ಎಡಕ್ಕೊಂದು ಕೋರೆಹಲ್ಲು, ಬಲಕ್ಕೊಂದು ಕೋರೆಹಲ್ಲು. ನಡುವೆ ಖಾಲಿ ಸೈಟು. ಮೇಲೆ ಆಗಲೇ ಫುಲ್ ಸೆಟ್ ಇತ್ತು. ಚಾಮರಾಜಪೇಟೆಯ ಅವರ ವಠಾರದವರೆಲ್ಲ ಒಂದೇ ಮಾತು: "ಆ ಎರಡನ್ನೂ ಕೀಳಿಸಿಬಿಡಿ, ಕೆಳಗೂ ಫುಲ್ ಸೆಟ್ ಹಾಕಿಸಿಕೊಂಡು ಆರಾಮಾಗಿರಿ." ಒಬ್ಬ ಡಾಕ್ಟರೂ ಹಾಗೇ ಹೇಳಿದರು. ಇನ್ನೊಬ್ಬರು, "ಕೀಳೋದು ಬೇಡ, ಗಿಡ್ಡ ಮಾಡಿ ಟೋಪಿ ಹಾಕೋಣ" ಎಂದರು. ಮೂರನೆಯವರು ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ತಿರುಪಿನ ಕೊಟೇಶನ್ ಕೈಗಿಟ್ಟರು. ಅತ್ತೆ ಮೂರೂ ಚೀಟಿ ತಂದು ನನ್ನ ಮುಂದಿಟ್ಟು, "ನೀನು ಇದೇ ಕೆಲಸ ಮಾಡೋನಲ್ವಾ, ಹೇಳು" ಎಂದರು.

ನಾನು ಡಾಕ್ಟರಲ್ಲ. ಡೆಂಟಲ್ ಲ್ಯಾಬ್‌ನಲ್ಲಿ ಕೂತು ಹಲ್ಲು ಮಾಡುವವನು. ಡಾಕ್ಟರು ಕಳಿಸುವ ಅಚ್ಚಿಗೆ ಕಲ್ಲಿನ ಮಾದರಿ ಹೊಯ್ಯುವುದು, ಮೇಣದಲ್ಲಿ ಆಕಾರ ಕೊಡುವುದು, ಲೋಹ ಕರಗಿಸಿ ಎರಕ ಹಾಕುವುದು, ಪಾಲಿಶ್ ಮಾಡುವುದು ನನ್ನ ಕೆಲಸ. ಬಾಯಿ ನೋಡುವ ಹಕ್ಕು ನನಗಿಲ್ಲ. ಆದರೆ ಮುರಿದು ಬಂದ ಸೆಟ್‌ಗಳನ್ನು ನಾನು ನೋಡಿದಷ್ಟು ಯಾರೂ ನೋಡಿರಲಿಕ್ಕಿಲ್ಲ. ಯಾವುದು ಎಲ್ಲಿ ಸೋಲುತ್ತದೆ ಎಂಬುದು ರಿಪೇರಿ ಡಬ್ಬಿಯಲ್ಲಿ ಗೊತ್ತಾಗುತ್ತದೆ. ಆ ಡಬ್ಬಿಯ ಪಕ್ಕ ಕೂತೇ ಇದನ್ನು ಬರೆಯುತ್ತಿದ್ದೇನೆ.

ಎರಡು ಪದ ಮೊದಲೇ ಹೇಳಿಬಿಡುತ್ತೇನೆ. ಉಳಿದ ಹಲ್ಲುಗಳ ಮೇಲೆ, ಅಥವಾ ಅವುಗಳ ಬೇರಿನ ಮೇಲೆ, ಟೆಂಟಿನ ಹಾಗೆ ಕವುಚಿ ಕೂರುವ, ತೆಗೆದು ಹಾಕುವ ಸೆಟ್‌ಗೆ ಓವರ್‌ಡೆಂಚರ್ ಎನ್ನುತ್ತಾರೆ. ಆ ಹಲ್ಲನ್ನು ವಸಡಿನ ಮಟ್ಟಕ್ಕೆ ಗಿಡ್ಡ ಮಾಡಿ, ಮೇಲೆ ಅಂಟಿಸುವ ಲೋಹದ ಪುಟ್ಟ ಟೋಪಿಗೆ ಕೋಪಿಂಗ್ ಎನ್ನುತ್ತಾರೆ. ನಾವು ಲ್ಯಾಬ್‌ನಲ್ಲಿ ಇದನ್ನು ಟೋಪಿ ಅಂತಲೇ ಕರೆಯುತ್ತೇವೆ.

ಬೇರಿದ್ದರೆ ಮೂಳೆ ಇರುತ್ತದೆ

ಹಲ್ಲು ಕಿತ್ತರೆ ಹಲ್ಲು ಮಾತ್ರ ಹೋಗುವುದಿಲ್ಲ. ಅದನ್ನು ಹಿಡಿದುಕೊಂಡಿದ್ದ ಮೂಳೆಗೆ ಇನ್ನು ಕೆಲಸವಿಲ್ಲ. ಅದು ಕರಗುತ್ತಾ ಹೋಗುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲುವುದಿಲ್ಲ. ಟಾಲ್‌ಗ್ರೆನ್ ಎಂಬ ಸಂಶೋಧಕಿ ಫುಲ್ ಸೆಟ್ ಹಾಕಿದವರ ದವಡೆಗಳನ್ನು ಅಳೆದು, 25 ವರ್ಷಗಳ ಲೆಕ್ಕವನ್ನು 1972ರಲ್ಲಿ ಪ್ರಕಟಿಸಿದರು. ಮೇಲಿನ ದವಡೆಗಿಂತ ಕೆಳಗಿನದು ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆದಿತ್ತು. ಹಳೆಯ ಸೆಟ್ ಹಾಕಿದ ಅಜ್ಜ ಅಜ್ಜಿಯರ ಗದ್ದ ಮೂಗಿನ ಹತ್ತಿರ ಬಂದಂತೆ ಕಾಣುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ.

ಈಗ ಇನ್ನೊಂದು ಲೆಕ್ಕ. 1978ರಲ್ಲಿ ಕ್ರಮ್ ಮತ್ತು ರೂನಿ ಎಂಬ ಇಬ್ಬರು 5 ವರ್ಷಗಳ ಹೋಲಿಕೆಯನ್ನು ಪ್ರಕಟಿಸಿದರು. ಒಂದು ಗುಂಪಿಗೆ ಕೆಳಗೆ ಮಾಮೂಲಿ ಫುಲ್ ಸೆಟ್. ಇನ್ನೊಂದು ಗುಂಪಿಗೆ ಕೆಳಗಿನ ಎರಡು ಕೋರೆಹಲ್ಲಿನ ಬೇರು ಉಳಿಸಿ, ಅದರ ಮೇಲೆ ಸೆಟ್. ಫುಲ್ ಸೆಟ್‌ನವರ ದವಡೆಯ ಮುಂಭಾಗದಲ್ಲಿ ಸರಾಸರಿ 5.2 ಮಿಲಿಮೀಟರ್ ಎತ್ತರ ಕರಗಿತ್ತು. ಬೇರು ಉಳಿಸಿಕೊಂಡವರಲ್ಲಿ 0.6 ಮಿಲಿಮೀಟರ್. ಐದು ಮಿಲಿಮೀಟರ್ ಅಂದರೆ ಏನು ಮಹಾ ಎನಿಸಬಹುದು. ಅಕ್ಕಿ ಕಾಳಿನಷ್ಟು ಉದ್ದ. ಆದರೆ ಕೆಳಗಿನ ಸೆಟ್ ಕೂರುವ ದಿಬ್ಬವೇ ಬೆರಳಿನ ಅಗಲದ್ದು. ಅದರಲ್ಲಿ ಐದು ಹೋದರೆ ದಿಬ್ಬವೇ ಚಪ್ಪಟೆಯಾಗುತ್ತದೆ. ಚಪ್ಪಟೆ ನೆಲದ ಮೇಲೆ ಸೆಟ್ ನಿಲ್ಲುವುದಿಲ್ಲ. ನಾಲಿಗೆ ಸ್ವಲ್ಪ ಎತ್ತಿದರೂ ತೇಲುತ್ತದೆ.

ಇನ್ನೊಂದು ಲಾಭ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬೇರಿನ ಸುತ್ತ ಒಂದು ತೆಳು ಪೊರೆ ಇದೆ. ಹಲ್ಲಿಗೆ ಎಷ್ಟು ಒತ್ತಡ ಬಿತ್ತು, ಯಾವ ಕಡೆಯಿಂದ ಬಿತ್ತು ಎಂದು ಮೆದುಳಿಗೆ ಹೇಳುವುದು ಅದೇ. ಅನ್ನದಲ್ಲಿ ಸಣ್ಣ ಕಲ್ಲು ಸಿಕ್ಕಿದ ಕೂಡಲೇ ಬಾಯಿ ನಿಲ್ಲುತ್ತದಲ್ಲ, ಅದರ ಕೆಲಸವೇ. ರೂಟ್ ಕೆನಾಲ್ ಮಾಡಿ ಒಳಗಿನ ನರ ತೆಗೆದರೂ ಈ ಪೊರೆ ಹೊರಗಡೆ ಇರುವುದರಿಂದ ಅದರ ಅರಿವು ಉಳಿಯುತ್ತದೆ. ಇಂಪ್ಲಾಂಟ್‌ಗೆ ಈ ಪೊರೆ ಇಲ್ಲ. ಅದು ನೇರ ಮೂಳೆಗೇ ಕಚ್ಚಿಕೊಂಡಿರುತ್ತದೆ.

ಹಾಗಾದರೆ ಎಲ್ಲರೂ ಬೇರು ಉಳಿಸಿಕೊಳ್ಳಬೇಕಾ? ಇಲ್ಲ. ಅಲ್ಲೇ ಇರುವುದು ಗುಟ್ಟು.

ಮುಚ್ಚಳ ಬೇರೆ, ಕ್ಲಿಪ್ ಬೇರೆ

ಲ್ಯಾಬ್‌ಗೆ ಫೋನ್ ಮಾಡುವವರಲ್ಲಿ ಹೆಚ್ಚಿನವರ ತಲೆಯಲ್ಲಿ ಒಂದು ತಪ್ಪು ಲೆಕ್ಕವಿದೆ. ಟೋಪಿ ಹಾಕಿಸಿದರೆ ಸೆಟ್ ಟಕ್ ಅಂತ ಲಾಕ್ ಆಗುತ್ತದೆ ಎಂದುಕೊಂಡಿರುತ್ತಾರೆ. ಬರಿ ಗಿಡ್ಡ ಟೋಪಿಯಿಂದ ಹಾಗೆ ಆಗುವುದಿಲ್ಲ.

ಪಾತ್ರೆಯ ಮೇಲಿನ ಮುಚ್ಚಳ ನೋಡಿ. ಸರಿಯಾಗಿ ಕೂತಿದ್ದರೆ ಪಕ್ಕಕ್ಕೆ ಜಾರುವುದಿಲ್ಲ, ಒಳಕ್ಕೆ ಬೀಳುವುದಿಲ್ಲ. ಮೇಲಕ್ಕೆತ್ತಿದರೆ ಮಾತ್ರ ಸುಮ್ನೆ ಬರುತ್ತದೆ. ಟಿಫಿನ್ ಕ್ಯಾರಿಯರ್ ಹಾಗಲ್ಲ. ಕ್ಲಿಪ್ ಬಿಡಿಸದೆ ಬರುವುದಿಲ್ಲ. ಗಿಡ್ಡ ಗುಮ್ಮಟದಂಥ ಟೋಪಿ ಕೊಡುವುದು ಮುಚ್ಚಳದ ಭದ್ರತೆ. ಸೆಟ್ ಅದರ ಮೇಲೆ ಕೂತು ಅಲ್ಲಾಡದೆ ನಿಲ್ಲುತ್ತದೆ, ಅಗಿಯುವ ಭಾರ ವಸಡಿನ ಮೇಲೆ ಪೂರ್ತಿ ಬೀಳದೆ ಬೇರಿಗೂ ಹಂಚಿಹೋಗುತ್ತದೆ. ಕ್ಲಿಪ್ ಬೇಕು ಎಂದರೆ ಟೋಪಿಯ ಮೇಲೆ ಗುಂಡು, ಲೊಕೇಟರ್, ಮ್ಯಾಗ್ನೆಟ್ ಇಂಥದ್ದೊಂದು ಅಟ್ಯಾಚ್‌ಮೆಂಟ್ ಬೇಕು. ಕೊಟೇಶನ್‌ನಲ್ಲಿ ಬರಿ "ಕೋಪಿಂಗ್" ಎಂದಿದೆಯೋ, "ಕೋಪಿಂಗ್ ವಿತ್ ಅಟ್ಯಾಚ್‌ಮೆಂಟ್" ಎಂದಿದೆಯೋ ನೋಡಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಜಗಳವಾಗುವುದು ಹೆಚ್ಚಾಗಿ ಈ ಒಂದು ಪದಕ್ಕೇ.

ದಾರಿಗಳು ಯಾವುವು

ಮೊದಲನೆಯದು ಎಲ್ಲ ಕೀಳಿಸಿ ಮಾಮೂಲಿ ಫುಲ್ ಸೆಟ್. ಅಗ್ಗ, ಬೇಗ, ರಿಪೇರಿ ಸುಲಭ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಕರ್ನಾಟಕ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಸೆಟ್ ಉಚಿತವಾಗಿ ಸಿಗುತ್ತದೆ. ಮೇಲಿನ ದವಡೆಗೆ ಇದು ಕೆಟ್ಟ ಆಯ್ಕೆಯೇ ಅಲ್ಲ. ಮೇಲೆ ಅಂಗುಳ ಪೂರ್ತಿ ಸೆಟ್‌ಗೆ ಸಿಗುತ್ತದೆ, ಗಾಳಿ ಹೋಗದಂತೆ ಅಂಟಿಕೊಳ್ಳುತ್ತದೆ. ಕೆಳಗೆ ಆ ಅನುಕೂಲವಿಲ್ಲ. ನಡುವೆ ನಾಲಿಗೆ, ಸುತ್ತ ಕೆನ್ನೆ, ಕುದುರೆ ಲಾಳದಂಥ ಕಿರಿದಾದ ಜಾಗ. ನನ್ನ ರಿಪೇರಿ ಡಬ್ಬಿಗೆ "ಲೂಸ್ ಆಗಿದೆ" ಅಂತ ಬರುವುದು ಬಹುಪಾಲು ಕೆಳಗಿನ ಸೆಟ್‌ಗಳೇ. ಅದಕ್ಕೇ ಈ ಇಡೀ ಬರಹ ಕೆಳಗಿನ ದವಡೆಯ ಬಗ್ಗೆ ಎಂದುಕೊಳ್ಳಿ.

ಎರಡನೆಯದನ್ನು ಯಾರೂ ಜಾಹೀರಾತು ಹಾಕುವುದಿಲ್ಲ, ಯಾಕೆಂದರೆ ಅದರಲ್ಲಿ ಮಾರುವುದಕ್ಕೆ ಏನೂ ಇಲ್ಲ. ಹಲ್ಲಿಗೆ ರೂಟ್ ಕೆನಾಲ್ ಮಾಡುತ್ತಾರೆ. ವಸಡಿನಿಂದ ಒಂದೆರಡು ಮಿಲಿಮೀಟರ್ ಮೇಲಕ್ಕೆ ಬಿಟ್ಟು ಕತ್ತರಿಸಿ, ಗುಮ್ಮಟದಂತೆ ಉರುಟು ಮಾಡುತ್ತಾರೆ. ರಂಧ್ರದ ಬಾಯಿಯನ್ನು ಹಲ್ಲಿನ ಬಣ್ಣದ ಸಿಮೆಂಟಿನಿಂದಲೋ ಬೆಳ್ಳಿ ಬಣ್ಣದ ಲೋಹದ ಮಿಶ್ರಣವಾದ ಅಮಾಲ್ಗಮ್‌ನಿಂದಲೋ ತುಂಬಿ ನುಣ್ಣಗೆ ಪಾಲಿಶ್ ಮಾಡುತ್ತಾರೆ. ಮುಗಿಯಿತು. ಲೋಹವಿಲ್ಲ, ಲ್ಯಾಬ್ ಬಿಲ್ ಇಲ್ಲ. ಬೇರು ಗಟ್ಟಿಯಾಗಿದ್ದು ಹುಳುಕು ಆಳಕ್ಕೆ ಹೋಗಿಲ್ಲದಿದ್ದರೆ, ಟೋಪಿ ಇಲ್ಲದ ಈ ಗುಮ್ಮಟವೇ ಸಾಕಾಗುತ್ತದೆ. ಟೋಪಿ ಮಾಡಿ ಹೊಟ್ಟೆ ಹೊರೆಯುವ ನಾನೇ ಇದನ್ನು ಹೇಳುತ್ತಿದ್ದೇನೆ, ನಂಬಿ.

ಮೂರನೆಯದು ಗಿಡ್ಡ ಲೋಹದ ಟೋಪಿ. ಇದು ಯಾವಾಗ ಬೇಕು? ಹಲ್ಲು ಹುಳುಕಾಗಿ ವಸಡಿನ ಮಟ್ಟಕ್ಕೇ ತಿಂದುಹೋಗಿದ್ದು ತುಂಬಿದ ಸಿಮೆಂಟ್ ನಿಲ್ಲದು ಎಂದಾಗ. ಬೇರಿನ ತಲೆ ತೆಳುವಾಗಿ, ಸವೆದು ಒಡೆಯುವಂತಿದ್ದಾಗ. ಹಲ್ಲು ಕಡಿಯುವ ಅಭ್ಯಾಸ ಇದ್ದಾಗ. ಅಥವಾ ಮೇಲೆ ಅಟ್ಯಾಚ್‌ಮೆಂಟ್ ಕೂರಿಸಬೇಕಾದಾಗ. ಟೋಪಿಗೆ ಒಂದು ಪುಟ್ಟ ಕಡ್ಡಿ ಇರುತ್ತದೆ. ರೂಟ್ ಕೆನಾಲ್ ಆದ ರಂಧ್ರದೊಳಗೆ ಆ ಕಡ್ಡಿ ಇಳಿಯುತ್ತದೆ. ಬೇರಿನ ತುದಿಯಲ್ಲಿ, ರೂಟ್ ಕೆನಾಲ್ ಮಾಡುವಾಗ ತುಂಬಿದ ಮಸಾಲೆಯನ್ನು ನಾಲ್ಕೈದು ಮಿಲಿಮೀಟರ್ ಹಾಗೇ ಬಿಟ್ಟು ಉಳಿದ ಉದ್ದಕ್ಕೆ ಡಾಕ್ಟರು ಜಾಗ ಮಾಡಿರುತ್ತಾರೆ.

ನಾಲ್ಕನೆಯದು ಉದ್ದ ಟೋಪಿ. ಬೆರಳಿಗೆ ಹಾಕುವ ಅಂಗುಸ್ತಾನದ ಹಾಗೆ ಹಲ್ಲಿನ ಮೇಲೆ ಐದಾರು ಮಿಲಿಮೀಟರ್ ಎತ್ತರ. ಬದಿಯ ಗೋಡೆಗಳು ಹೆಚ್ಚು ಸಮಾನಾಂತರವಾಗಿದ್ದಷ್ಟು ಹಿಡಿತ ಜಾಸ್ತಿ. ಹಲ್ಲು ಗಟ್ಟಿ ಇದ್ದರೆ ರೂಟ್ ಕೆನಾಲ್ ಇಲ್ಲದೆಯೂ ಕೆಲವೊಮ್ಮೆ ಆಗುತ್ತದೆ. ಆದರೆ ಎತ್ತರ ಹೆಚ್ಚಿದಷ್ಟು ಹಲ್ಲಿನ ಮೇಲೆ ಮೀಟುವ ಬಲವೂ ಹೆಚ್ಚು. ನೆಲದಲ್ಲಿ ಹೂತ ಕಂಬವನ್ನು ತುದಿ ಹಿಡಿದು ಅಲ್ಲಾಡಿಸಿದರೆ ಸಡಿಲವಾಗುತ್ತದೆ, ಬುಡದಲ್ಲಿ ಕತ್ತರಿಸಿದ ಮೋಟು ಅಲ್ಲಾಡುವುದಿಲ್ಲ. ಗಿಡ್ಡ ಟೋಪಿಯ ದೊಡ್ಡ ಗುಣ ಇದೇ. ಸ್ವಲ್ಪ ಅಲ್ಲಾಡುತ್ತಿದ್ದ ಹಲ್ಲೂ ಗಿಡ್ಡ ಮಾಡಿದ ಮೇಲೆ ಹೆಚ್ಚು ಗಟ್ಟಿಯಾಗಿ ನಿಲ್ಲಬಹುದು. ಉದ್ದ ಟೋಪಿ ಮೂಳೆ ಚೆನ್ನಾಗಿರುವ, ಮೂರ್ನಾಲ್ಕು ಹಲ್ಲು ಉಳಿದಿರುವ ಬಾಯಿಗೆ ಸರಿ. ಎರಡೇ ಉಳಿದವರಿಗೆ ನಾನಂತೂ ಹೇಳುವುದಿಲ್ಲ.

ಐದನೆಯದು ಅಟ್ಯಾಚ್‌ಮೆಂಟ್ ಇರುವ ಟೋಪಿ. ಇದರಲ್ಲೇ ನಾಲ್ಕಾರು ಬಗೆ. ಗುಂಡು ಮತ್ತು ರಬ್ಬರ್ ಉಂಗುರ ಎಲ್ಲಕ್ಕಿಂತ ಸರಳ. ಲೊಕೇಟರ್ ಎಂಬುದು ಎತ್ತರದಲ್ಲಿ ಗಿಡ್ಡ, ಸೆಟ್ ಒಳಗೆ ನೈಲಾನ್ ಬಿಲ್ಲೆ ಕೂತಿರುತ್ತದೆ. ಬಿಲ್ಲೆಯ ಬಣ್ಣ ನೋಡಿ ಹಿಡಿತ ಹೇಳಬಹುದು: ನೀಲಿ ಮೆದು, ಗುಲಾಬಿ ಮಧ್ಯಮ, ಬಣ್ಣವಿಲ್ಲದ್ದು ಗಟ್ಟಿ. ಈ ಬಿಲ್ಲೆ, ಉಂಗುರ ಎಲ್ಲ ಸವೆಯುತ್ತವೆ. ವರ್ಷಕ್ಕೊಮ್ಮೆ ಬದಲಿಸಬೇಕು ಎಂದಿಟ್ಟುಕೊಳ್ಳಿ, ಕೆಲವರಿಗೆ ಅದಕ್ಕೂ ಮುಂಚೆ. ಎರಡು ಟೋಪಿಗಳ ನಡುವೆ ಸರಳು ಹಾಕಿ ಸೆಟ್‌ಗೆ ಕ್ಲಿಪ್ ಇಡುವ ಬಗೆಯೂ ಇದೆ. ಹಿಡಿತ ಭರ್ಜರಿ, ಆದರೆ ಸರಳಿನ ಕೆಳಗೆ ಬ್ರಷ್ ತೂರಿಸಿ ತೊಳೆಯುವುದು ಎಲ್ಲರ ಕೈಲಾಗುವ ಮಾತಲ್ಲ. ಮ್ಯಾಗ್ನೆಟ್ ಹಾಕುವುದು, ತೆಗೆಯುವುದು ಬಲು ಸುಲಭ. ನಡುಗುವ ಕೈಗೆ ವರದಾನ. ಹಿಡಿತ ಕಡಿಮೆ. ಮೇಲಿನ ಕವಚ ಸವೆದರೆ ಎಂಜಲಿಗೆ ತುಕ್ಕು ಹಿಡಿಯುತ್ತದೆ. ಎಂಆರ್‌ಐ ಮಾಡಿಸುವಾಗ ಸೆಟ್ ತೆಗೆದಿಡಬೇಕು, ಬೇರಿನ ಮೇಲಿನ ಲೋಹದ ಬಿಲ್ಲೆಯ ವಿಷಯವನ್ನೂ ಅಲ್ಲಿನವರಿಗೆ ಮೊದಲೇ ಹೇಳಬೇಕು.

ಆರನೆಯದು ಇಂಪ್ಲಾಂಟ್. ಕೆಳದವಡೆಯ ಮುಂಭಾಗದಲ್ಲಿ ಎರಡು ಟೈಟೇನಿಯಂ ತಿರುಪು, ಅದರ ಮೇಲೆ ಕ್ಲಿಪ್ ಇರುವ ಸೆಟ್. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು, ಕೆಳಗೆ ಹಲ್ಲೇ ಇಲ್ಲದವರಿಗೆ ಮೊದಲ ಆಯ್ಕೆ ಇದೇ ಆಗಬೇಕು ಎಂದು ಹೇಳಿಕೆ ಕೊಟ್ಟರು. ಗಮನಿಸಿ, "ಹಲ್ಲೇ ಇಲ್ಲದವರಿಗೆ". ಗಟ್ಟಿ ಕೋರೆಹಲ್ಲು ಕಿತ್ತು ಆ ಜಾಗಕ್ಕೇ ತಿರುಪು ಹಾಕಿ ಎಂದು ಅವರು ಹೇಳಲಿಲ್ಲ. ಇಂಪ್ಲಾಂಟ್‌ನ ದೊಡ್ಡ ಬಲ ಎಂದರೆ ಅದಕ್ಕೆ ಹುಳುಕು ಹಿಡಿಯುವುದಿಲ್ಲ. ಆದರೆ ಸುತ್ತಲಿನ ವಸಡಿಗೆ ಕೀವು ಬಂದು ಮೂಳೆ ಕರಗಬಹುದು, ಅದಕ್ಕೂ ದಿನಾ ತೊಳೆಯಲೇಬೇಕು. ಮೂಳೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು. ಖರ್ಚು ಎಲ್ಲಕ್ಕಿಂತ ಹೆಚ್ಚು.

ಬೇರು ಉಳಿಸಿಕೊಳ್ಳುವಂತಿದೆಯೇ?

ಟೋಪಿಯೋ ಇಂಪ್ಲಾಂಟೋ ಎಂಬ ಚರ್ಚೆಗೆ ಮೊದಲು ಎಕ್ಸ್‌ರೇ. ಸಣ್ಣ ಫಿಲ್ಮ್ ಸಾಕು. ಬೇರಿನ ಅರ್ಧದಷ್ಟಾದರೂ ಮೂಳೆಯೊಳಗಿದೆಯಾ? ಸುತ್ತ ಗಟ್ಟಿ ವಸಡಿದೆಯಾ, ಅಥವಾ ಕೆನ್ನೆಯ ಮೆದು ಚರ್ಮವೇ ನೇರ ಬಂದು ತಾಗುತ್ತದಾ? ವಸಡಿನಲ್ಲಿ ಆಳದ ಗುಳಿ ಇದೆಯಾ? ಹಲ್ಲನ್ನು ಒತ್ತಿದರೆ ಮೇಲೆ ಕೆಳಗೆ ಹೋಗುತ್ತದಾ? ಮೇಲೆ ಕೆಳಗೆ ಆಡುವ ಹಲ್ಲಿಗೆ ಚಿನ್ನದ ಟೋಪಿ ಹಾಕಿದರೂ ಪ್ರಯೋಜನವಿಲ್ಲ, ಕೀಳಿಸಿ.

ಹಲ್ಲುಗಳಲ್ಲಿ ಕೋರೆಹಲ್ಲೇ ರಾಜ. ಅದರ ಬೇರು ಎಲ್ಲಕ್ಕಿಂತ ಉದ್ದ, ದವಡೆಯ ತಿರುವಿನಲ್ಲೇ ಕೂತಿರುತ್ತದೆ. ಅದರ ಹಿಂದಿನ ಸಣ್ಣ ದವಡೆಹಲ್ಲು ಎರಡನೆಯ ಆಯ್ಕೆ. ಎಡಕ್ಕೊಂದು, ಬಲಕ್ಕೊಂದು ಇದ್ದರೆ ಸೆಟ್ ಸಮನಾಗಿ ಕೂರುತ್ತದೆ. ಒಂದೇ ಕಡೆ ಎರಡಿದ್ದರೆ ಇನ್ನೊಂದು ಬದಿ ತೂಗಾಡುತ್ತದೆ. ಒಂದೇ ಒಂದು ಬೇರು ಉಳಿದಿದ್ದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಆ ಭಾಗದ ಮೂಳೆಯಾದರೂ ನಿಲ್ಲುತ್ತದೆ.

ಕೆಲವರಿಗೆ ಕೀಳಿಸುವುದೇ ಅಪಾಯ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್‌ಗೆ ಬಿಸ್‌ಫಾಸ್ಫೊನೇಟ್ ಗುಂಪಿನ ಔಷಧ ತೆಗೆದುಕೊಳ್ಳುವವರಿಗೆ ಹಲ್ಲು ಕಿತ್ತ ಜಾಗ ಮಾಯದೆ ಮೂಳೆ ಕೊಳೆಯುವ ಸಾಧ್ಯತೆ ಇದೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ದವಡೆ, ಗಂಟಲಿನ ಭಾಗಕ್ಕೆ ರೇಡಿಯೇಷನ್ ಪಡೆದವರಿಗೂ ಅದೇ ಭಯ. ಇಂಥವರಿಗೆ ಬೇರನ್ನು ಹಾಗೇ ಉಳಿಸಿ ಮೇಲೆ ಸೆಟ್ ಕೂರಿಸುವುದು ಸುರಕ್ಷಿತ ದಾರಿ ಆಗಬಹುದು. ತೊಂದರೆ ಏನೆಂದರೆ, ರೇಡಿಯೇಷನ್ ಆದವರ ಬಾಯಿ ಒಣಗಿರುತ್ತದೆ. ಒಣ ಬಾಯಲ್ಲಿ ಹುಳುಕು ಬೆಂಕಿಯ ಹಾಗೆ ಹರಡುತ್ತದೆ. ಔಷಧಿಯ ಪಟ್ಟಿಯನ್ನು ಮೊದಲ ದಿನವೇ ಡಾಕ್ಟರ ಮೇಜಿನ ಮೇಲಿಡಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಎಲ್ಲವೂ.

ಟೋಪಿ ಎಲ್ಲಿ ಸೋಲುತ್ತದೆ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ನನ್ನ ಮೇಜಿನ ವಿಷಯ.

ಲೋಹದ ಟೋಪಿ ಹಾಕಿದರೆ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲ ಎಂದು ಜನ ತಿಳಿದಿದ್ದಾರೆ. ಲೋಹಕ್ಕೆ ಹಿಡಿಯುವುದಿಲ್ಲ, ನಿಜ. ಆದರೆ ಟೋಪಿ ಮುಗಿದು ಬೇರು ಶುರುವಾಗುವ ಗೆರೆಗೆ ಹಿಡಿಯುತ್ತದೆ. ಆ ಗೆರೆ ವಸಡಿನ ಅಂಚಿನಲ್ಲೇ ಇರುತ್ತದೆ. ಅದರ ಮೇಲೆ ದಿನವಿಡೀ ಸೆಟ್ ಕವುಚಿರುತ್ತದೆ. ಎಂಜಲು ಆಡುವುದಿಲ್ಲ, ನಾಲಿಗೆ ತಾಗುವುದಿಲ್ಲ. ಊಟದ ಚೂರು ಅಲ್ಲಿ ಕೂತರೆ ಸಂಜೆಯವರೆಗೂ ಅಲ್ಲೇ. ಓವರ್‌ಡೆಂಚರ್‌ಗಳ ಬೇರುಗಳು ಹೆಚ್ಚಾಗಿ ಹೋಗುವುದು ಎರಡೇ ಕಾರಣಕ್ಕೆ: ಹುಳುಕು, ವಸಡು ರೋಗ. ಎರಡೂ ಶುರುವಾಗುವುದು ಆ ಗೆರೆಯಲ್ಲೇ.

ಹಾಗಾಗಿ ಟೋಪಿಯ ಅಂಚು ಬೇರಿಗೆ ಎಷ್ಟು ಸರಿಯಾಗಿ ಕೂಡುತ್ತದೆ ಎಂಬುದೇ ಎಲ್ಲ. ನಾವು ಮೇಣದಲ್ಲೋ ಕೆಂಪು ರೆಸಿನ್‌ನಲ್ಲೋ ಮಾದರಿ ಮಾಡಿ, ಅಚ್ಚಿನೊಳಗೆ ಹೂತು, ಮೇಣ ಸುಟ್ಟುಹೋದ ಜಾಗಕ್ಕೆ ಕರಗಿದ ಲೋಹ ತುಂಬಿಸುತ್ತೇವೆ. ನಿಕಲ್ ಕ್ರೋಮಿಯಂ, ಕೋಬಾಲ್ಟ್ ಕ್ರೋಮಿಯಂ ಕರಗಲು 1,200 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ತಣ್ಣಗಾಗುವಾಗ ಲೋಹ ಕುಗ್ಗುತ್ತದೆ, ಅಚ್ಚಿನ ಪುಡಿ ಅದಕ್ಕೆ ತಕ್ಕಷ್ಟು ಹಿಗ್ಗಿರಬೇಕು. ಈ ಲೆಕ್ಕ ತಪ್ಪಿದರೆ ಅಂಚಿನಲ್ಲಿ ಸಂದು. ಈಗೀಗ ಕಂಪ್ಯೂಟರ್‌ನಲ್ಲಿ ಆಕಾರ ಮಾಡಿ ಲೇಸರ್‌ನಿಂದ ಲೋಹದ ಪುಡಿ ಬೆಸೆದು ಮಾಡುವ ಟೋಪಿಗಳೂ ಬರುತ್ತಿವೆ. ಚೆನ್ನಾಗಿವೆ. ಆದರೆ ಅಚ್ಚು ಕೆಟ್ಟದಾಗಿದ್ದರೆ ಲೇಸರ್ ಏನು ಮಾಡೀತು? ಡಾಕ್ಟರು ಟೋಪಿ ಅಂಟಿಸುವ ಮೊದಲು ಸುಮ್ಮನೆ ಕೂರಿಸಿ, ಮೊನೆಯಿಂದ ಅಂಚು ತಡವಿ ನೋಡಬೇಕು. ಮೊನೆ ಸಿಕ್ಕಿಕೊಂಡರೆ ವಾಪಸ್ ಕಳಿಸಬೇಕು. ವಾಪಸ್ ಕಳಿಸುವ ಡಾಕ್ಟರನ್ನು ಲ್ಯಾಬ್‌ನವರು ಬೈದುಕೊಳ್ಳುತ್ತೇವೆ. ನೀವು ಮಾತ್ರ ಅಂಥವರ ಹತ್ತಿರವೇ ಹೋಗಿ.

ಲೋಹದ ವಿಷಯಕ್ಕೆ ಇನ್ನೊಂದು ಮಾತು. ರೋಲ್ಡ್ ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆಯುತ್ತದಾ, ಅಗ್ಗದ ವಾಚಿನ ಕೆಳಗೆ ಕಜ್ಜಿ ಬರುತ್ತದಾ? ನಿಕಲ್ ಅಲರ್ಜಿ ಇರಬಹುದು. ಹೇಳಿ. ನಿಕಲ್ ಇಲ್ಲದ ಲೋಹದಲ್ಲಿ ಮಾಡಿಕೊಡುತ್ತಾರೆ.

ಎರಡನೆಯ ಸೋಲು ಸೆಟ್ ಮುರಿಯುವುದು. ಇದರಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ಕೆಲಸ ಕಲಿತ ಹೊಸದರಲ್ಲಿ ಒಬ್ಬ ಹಿರಿಯರಿಗೆ ಎರಡು ಟೋಪಿಯ ಮೇಲೆ ಸೆಟ್ ಮಾಡಿದ್ದೆ. ಟೋಪಿ ಸ್ವಲ್ಪ ಎತ್ತರವಿತ್ತು. ಹಲ್ಲು ಮುಂದಕ್ಕೆ ಬಂದಂತೆ ಕಾಣಬಾರದು ಅಂತ ಅದರ ಮೇಲಿನ ಪ್ಲಾಸ್ಟಿಕ್ ಕೆತ್ತಿ ಕೆತ್ತಿ ತೆಳು ಮಾಡಿದೆ. ನೋಡಲು ಬಲು ಚೆಂದ. ಕೆಲವೇ ತಿಂಗಳಲ್ಲಿ ಎರಡು ತುಂಡಾಗಿ ಬಂತು, ಸರಿಯಾಗಿ ಟೋಪಿಯ ಮೇಲೇ ಬಿರುಕು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಹುರಿದ ಕಡಲೆಕಾಯಿ ಅಗಿಯುವಾಗ ಹೋಯಿತಂತೆ. ಅವರು ಬೈಯಲಿಲ್ಲ. "ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ, ನನಗೆ ಎರಡೂ ಇದ್ವು, ನಿನ್ನ ಸೆಟ್ಟೇ ಇರಲಿಲ್ಲ ನೋಡು" ಎಂದು ನಕ್ಕರು. ಅಂದಿನಿಂದ ಬೇರಿನ ಮೇಲೆ ಕೂರುವ ಸೆಟ್‌ಗೆ ಒಳಗೆ ಲೋಹದ ಜಾಲರಿ ಇಡದೆ ನಾನು ಕಳಿಸುವುದಿಲ್ಲ. ಮಾಡಿಸುವಾಗ ನೀವೂ ಕೇಳಿ: "ಒಳಗೆ ಮೆಶ್ ಇದೆಯಾ?" ಜೊತೆಗೆ, ಟೋಪಿ, ಅದರ ಮೇಲಿನ ಅಟ್ಯಾಚ್‌ಮೆಂಟ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಹಲ್ಲು, ಇಷ್ಟಕ್ಕೂ ಬಾಯಲ್ಲಿ ಎತ್ತರ ಬೇಕು. ಮೇಲಿನ ಹಲ್ಲು ಕೆಳಗಿನ ವಸಡಿಗೆ ತಾಗುವಷ್ಟು ಇಳಿದಿದ್ದರೆ ಅಟ್ಯಾಚ್‌ಮೆಂಟ್ ಆಸೆ ಬಿಡಿ, ಬರಿ ಗುಮ್ಮಟಕ್ಕೆ ಹೋಗಿ.

ಯಾರಿಗೆ ಯಾವುದು

ನನ್ನ ಲೆಕ್ಕದಲ್ಲಿ ಪರ್ಸ್‌ಗಿಂತ ಮೊದಲು ನೋಡಬೇಕಾದ್ದು ಕೈ. ದಿನಕ್ಕೆರಡು ಸಲ ಸೆಟ್ ತೆಗೆದು, ಆ ಎರಡು ಬೇರುಗಳನ್ನು ಮೆದು ಬ್ರಷ್‌ನಿಂದ ಸುತ್ತ ಉಜ್ಜುವವರು ಯಾರು? ತಾವೇ ಮಾಡಿಕೊಳ್ಳುತ್ತಾರಾ? ಮಗಳೋ ಸೊಸೆಯೋ ಮಾಡುತ್ತಾರಾ? ಕೆಲಸದ ಹುಡುಗಿಗೆ ಹೇಳಿಕೊಟ್ಟಿದ್ದೀರಾ? ಇದಕ್ಕೆ ಉತ್ತರವಿಲ್ಲದಿದ್ದರೆ ಟೋಪಿ ಹಾಕಿಸುವುದು ದುಡ್ಡು ದಂಡ. ಮರೆವಿನ ಕಾಯಿಲೆ ಶುರುವಾದವರಿಗೆ, ನೋಡಿಕೊಳ್ಳುವವರಿಲ್ಲದೆ ಒಂಟಿಯಾಗಿರುವವರಿಗೆ ನಾನು ಮಾಮೂಲಿ ಸೆಟ್ ಕಡೆಗೇ ಒಲಿಯುತ್ತೇನೆ, ಮೂಳೆ ಕರಗುತ್ತದೆ ಎಂದು ಗೊತ್ತಿದ್ದೂ.

ಕೈ ಗಟ್ಟಿ, ಬೇರು ಗಟ್ಟಿ, ಬಜೆಟ್ ಬಿಗಿ: ರೂಟ್ ಕೆನಾಲ್ ಮಾಡಿ ತುಂಬಿಸಿದ ಗುಮ್ಮಟ, ಮೇಲೆ ಸೆಟ್. ಬೇರಿನ ತಲೆ ತಿಂದುಹೋಗಿದ್ದರೆ ಗಿಡ್ಡ ಟೋಪಿ. ಮೂಳೆಯ ದಿಬ್ಬ ಆಗಲೇ ಚಪ್ಪಟೆಯಾಗಿ ಸೆಟ್ ತೇಲುತ್ತಿದ್ದರೆ, ಅಥವಾ ಪಾಠ, ಪುರಾಣ, ಸಂಗೀತ ಎಂದು ನಾಲ್ಕು ಜನರ ಮುಂದೆ ಬಾಯಿ ತೆರೆಯುವವರಾದರೆ ಅಟ್ಯಾಚ್‌ಮೆಂಟ್. ಆದರೆ ಸಂಧಿವಾತದ ಬೆರಳಿಗೆ ಗಟ್ಟಿ ಬಿಲ್ಲೆ ಬೇಡ. ಸೆಟ್ ತೆಗೆಯಲಾಗದೆ ರಾತ್ರಿಯೂ ಹಾಗೇ ಮಲಗುತ್ತಾರೆ. ಮೆದು ಬಿಲ್ಲೆಯಿಂದ ಶುರು ಮಾಡಿ.

ಬೇರುಗಳು ಸರಿ ಇಲ್ಲ, ಆರೋಗ್ಯ ಚೆನ್ನಾಗಿದೆ, ಸಕ್ಕರೆ ಹತೋಟಿಯಲ್ಲಿದೆ, ಬೀಡಿ ಸಿಗರೇಟು ಹೊಗೆಸೊಪ್ಪು ಇಲ್ಲ, ದುಡ್ಡಿದೆ ಎಂದರೆ ಇಂಪ್ಲಾಂಟ್‌ಗೆ ಹೋಗಿ, ಧೈರ್ಯವಾಗಿ. ಬೇರು ಸರಿ ಇದ್ದೂ ದುಡ್ಡಿದೆ ಎಂದು ಕೀಳಿಸಿ ಇಂಪ್ಲಾಂಟ್ ಹಾಕಿಸುವವರನ್ನು ಕಂಡರೆ ನನಗೆ ಬೇಜಾರು. ಬೇರು ಹೋದ ಮೇಲೆ ಇಂಪ್ಲಾಂಟ್ ಯಾವತ್ತೂ ಹಾಕಿಸಬಹುದು. ಇಂಪ್ಲಾಂಟ್ ಹೋದ ಮೇಲೆ ಬೇರು ವಾಪಸ್ ಬರುವುದಿಲ್ಲ. ಬೇರು ಉಳಿಸಿದ ಅಷ್ಟೂ ವರ್ಷ ಮೂಳೆ ಉಳಿದಿರುತ್ತದೆ, ನಾಳೆಯ ಇಂಪ್ಲಾಂಟ್‌ಗೂ ಅದೇ ನೆಲ.

ಬೆಂಗಳೂರಿನಲ್ಲಿ ಎಲ್ಲಿ

ರಿಂಗ್ ರೋಡಿನ ಬೋರ್ಡು ನೋಡಿ ನಿರ್ಧಾರ ಮಾಡಬೇಡಿ. ಈ ಕೆಲಸದ ತಜ್ಞರನ್ನು ಪ್ರಾಸ್ತೊಡಾಂಟಿಸ್ಟ್ ಎನ್ನುತ್ತಾರೆ. ಬಿಡಿಎಸ್ ಮೇಲೆ ಎಂಡಿಎಸ್ ಮಾಡಿದವರು. ನಮ್ಮೂರಿನ ಪುಣ್ಯ, ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಕೆ.ಆರ್. ಮಾರ್ಕೆಟ್ ಪಕ್ಕ ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜಿಗೆ ಮೆಟ್ರೋದಲ್ಲಿಳಿದು ನಡೆದೇ ಹೋಗಬಹುದು. ವಿ.ವಿ. ಪುರ, ಜೆ.ಪಿ. ನಗರ, ಮತ್ತಿಕೆರೆ ಕಡೆಯಲ್ಲೂ ಖಾಸಗಿ ಕಾಲೇಜುಗಳಿವೆ. ಅಲ್ಲಿ ಪಿಜಿ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣೆದುರೇ ಮಾಡುತ್ತಾರೆ. ಖರ್ಚು ಕ್ಲಿನಿಕ್‌ಗಿಂತ ಎಷ್ಟೋ ಕಡಿಮೆ. ಟೈಮ್ ಮಾತ್ರ ಜಾಸ್ತಿ. ರೂಟ್ ಕೆನಾಲ್‌ಗೆ ಒಂದು ವಿಭಾಗ, ವಸಡಿಗೆ ಇನ್ನೊಂದು, ಸೆಟ್‌ಗೆ ಮತ್ತೊಂದು. ಅಪ್ಪ ಅಮ್ಮನನ್ನು ಕರೆದುಕೊಂಡು ಹತ್ತು ಹದಿನೈದು ಸಲ ಓಡಾಡಲು ಮನೆಯಲ್ಲಿ ಒಬ್ಬರು ಬೇಕು. ಐಟಿಯವರ ಮನೆಗಳಲ್ಲಿ ಇದೇ ಕಷ್ಟ, ಅದಕ್ಕೇ ಕ್ಲಿನಿಕ್‌ಗೆ ದುಡ್ಡು ಕೊಡುತ್ತಾರೆ. ತಪ್ಪಲ್ಲ.

ಕ್ಲಿನಿಕ್ ಆದರೆ ಕೊಟೇಶನ್ ಬಿಡಿಸಿ ಬರೆಸಿಕೊಳ್ಳಿ. ರೂಟ್ ಕೆನಾಲ್ ಎಷ್ಟು, ಟೋಪಿ ಒಂದಕ್ಕೆ ಎಷ್ಟು, ಯಾವ ಲೋಹ, ಅಟ್ಯಾಚ್‌ಮೆಂಟ್ ಯಾವ ಕಂಪನಿಯದು, ಬಿಲ್ಲೆ ಬದಲಿಸಲು ಮುಂದೆ ಎಷ್ಟು, ಸೆಟ್ ಎಷ್ಟು, ಮೆಶ್ ಸೇರಿದೆಯಾ. "ಪ್ಯಾಕೇಜ್" ಎಂಬ ಒಂದೇ ಸಂಖ್ಯೆ ಬೇಡ.

ಹಾಕಿಸಿದ ಮೇಲೆ

ಅತ್ತೆಯದು ಕೊನೆಗೆ ಹೀಗಾಯಿತು. ಎಡದ ಕೋರೆಹಲ್ಲು ಗಟ್ಟಿ ಇತ್ತು, ಅದಕ್ಕೆ ಬರಿ ತುಂಬಿಸಿದ ಗುಮ್ಮಟ. ಬಲದ್ದು ಹುಳುಕಿನಿಂದ ತಗ್ಗಾಗಿತ್ತು, ಅದಕ್ಕೆ ಗಿಡ್ಡ ಟೋಪಿ. ಅಟ್ಯಾಚ್‌ಮೆಂಟ್ ಬೇಡ ಎಂದು ನಾನೇ ಹೇಳಿದೆ. ಎರಡೂ ಕಡೆ ಒಂದೇ ಥರ ಇರಬೇಕು ಎಂಬ ನಿಯಮವೇನಿಲ್ಲ. ಮೊದಲ ಎರಡು ವಾರ ಮಾತಿನಲ್ಲಿ 'ಸ'ಕಾರ ಶಿಳ್ಳೆ ಹಾಕುತ್ತಿತ್ತು. ದಿನಾ ಗಟ್ಟಿಯಾಗಿ ಪೇಪರ್ ಓದಿ ಸರಿ ಮಾಡಿಕೊಂಡರು. ಈಗ ಸಂಕ್ರಾಂತಿಯ ಎಳ್ಳು ಬೀರುವಾಗ ಕೊಬ್ಬರಿ ಚೂರು ಅವರೇ ಅಗಿಯುತ್ತಾರೆ. ಕಬ್ಬು ಮಾತ್ರ ಮುಂದಿನ ಹಲ್ಲಿನಿಂದ ಸಿಗಿಯಲು ಬಿಡುವುದಿಲ್ಲ ನಾನು.

ರಾತ್ರಿ ಸೆಟ್ ತೆಗೆದು ತಣ್ಣೀರಿನಲ್ಲಿಡುತ್ತಾರೆ. ಬೇರುಗಳಿಗೂ ಎಂಜಲು ಸೋಕಬೇಕು, ವಸಡಿಗೂ ವಿಶ್ರಾಂತಿ ಬೇಕು. ಬಿಸಿನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸೆಟ್ ಉಜ್ಜಲು ಪೇಸ್ಟ್ ಬೇಡ, ಗೀರು ಬೀಳುತ್ತದೆ. ಸ್ವಲ್ಪ ಸೋಪು ನೀರು ಸಾಕು. ಬ್ಲೀಚ್ ನೀರಿನಲ್ಲಿ ನೆನೆಸಿದರೆ ಒಳಗಿನ ಲೋಹ ಕಪ್ಪಾಗುತ್ತದೆ. ಪೇಸ್ಟ್ ಬೇಕಾದ್ದು ಬೇರಿಗೆ, ಅದೂ ಫ್ಲೋರೈಡ್ ಇರುವ ಪೇಸ್ಟ್. ಮಾಮೂಲಿ ಪೇಸ್ಟ್‌ಗಳಲ್ಲಿ ಸುಮಾರು 1,000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಸಾವಿರ ಭಾಗ) ಫ್ಲೋರೈಡ್ ಇರುತ್ತದೆ. ಹುಳುಕಿನ ಭಯ ಹೆಚ್ಚಿದ್ದವರಿಗೆ ಡಾಕ್ಟರು 5,000 ಪಿಪಿಎಂನ ಜೆಲ್ ಅಥವಾ ಪೇಸ್ಟ್ ಬರೆದುಕೊಡುವುದುಂಟು. ಬೇರು ಕೂರುವ ಸೆಟ್‌ನ ಗುಳಿಯೊಳಗೆ ಅದರ ಒಂದು ಹನಿ ಬಿಟ್ಟು ಹಾಕಿಕೊಳ್ಳುತ್ತಾರೆ. ಗಿಡಮೂಲಿಕೆ ಪೇಸ್ಟ್ ಪ್ರಿಯರು ಡಬ್ಬಿಯ ಹಿಂದೆ ಫ್ಲೋರೈಡ್ ಇದೆಯಾ ನೋಡಿ. ಆರು ತಿಂಗಳಿಗೊಮ್ಮೆ ತೋರಿಸಿ. ಹುಳುಕು ಬೇಗ ಹಿಡಿಯುವ ಬಾಯಾದರೆ ಮೂರು ತಿಂಗಳಿಗೊಮ್ಮೆ. ಬೇರಿಗೆ ನರ ಇಲ್ಲ, ನೋವು ಬಂದು ಎಚ್ಚರಿಸುವುದಿಲ್ಲ.

ಟೋಪಿ ಕಳಚಿ ಬಿದ್ದರೆ ಗಾಬರಿ ಬೇಡ, ಎಸೆಯಲೂಬೇಡಿ. ತೊಳೆದು, ಕುಂಕುಮದ ಭರಣಿಯಂಥ ಪುಟ್ಟ ಡಬ್ಬಿಯಲ್ಲಿ ಹಾಕಿ ಡಾಕ್ಟರ ಹತ್ತಿರ ತನ್ನಿ. ಒಳಗೆ ಹುಳುಕಿಲ್ಲದಿದ್ದರೆ ಅದನ್ನೇ ಮತ್ತೆ ಅಂಟಿಸುತ್ತಾರೆ. ಮನೆಯಲ್ಲಿರುವ ಫೆವಿಕ್ವಿಕ್ ಮಾತ್ರ ಮುಟ್ಟಬೇಡಿ. ಹಾಗೆ ಅಂಟಿಸಿಕೊಂಡು ಬಂದವರ ಟೋಪಿಯನ್ನು ನಾನು ಕೆರೆದು ಸರಿ ಮಾಡಿದ್ದೇನೆ. ಬೇರನ್ನು ಕೆರೆಯಲು ಆಗುವುದಿಲ್ಲ.